ಮಳೆಗಾಲಕ್ಕೆ ಮುನ್ನ: ವಾಹನದಲ್ಲೊಂದು ಕಾಗದದ ನಕ್ಷೆ

ಮೇ ತಿಂಗಳು ಬಂತೆಂದರೆ ಬೆಳೆಗಾರರ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಆರಂಭವಾಗುತ್ತದೆ. ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಲು ಮೈಲುತುತ್ತ ಮತ್ತು ಸುಣ್ಣ ತರಿಸುತ್ತೇವೆ. ಕಾಫಿ ತೋಟದಲ್ಲಿ ಮರಗಸಿ ಮುಗಿಸಿ, ಬಸಿಗಾಲುವೆಗಳ ಹೂಳು ತೆಗೆಸುತ್ತೇವೆ. ಸೌದೆ ಕೊಟ್ಟಿಗೆ ಸೇರುತ್ತದೆ. ಜೀಪಿನ ಟಯರು, ಬ್ರೇಕು, ವೈಪರುಗಳನ್ನು ನೋಡಿಸುತ್ತೇವೆ. ಇಷ್ಟೆಲ್ಲ ಮಾಡುವ ನಾವು ಮಾಡದೆ ಬಿಡುವ ಕೆಲಸವೊಂದಿದೆ. ಅದಕ್ಕೆ ತಗಲುವುದು ಕೆಲವು ಹಾಳೆ ಕಾಗದ, ಒಂದು ಪೆನ್ಸಿಲು ಮತ್ತು ಒಂದು ಮಧ್ಯಾಹ್ನದ ಹೊತ್ತು. ವಾಹನದಲ್ಲಿ ಕಾಗದದ ನಕ್ಷೆ ಇಟ್ಟುಕೊಳ್ಳುವುದೇ ಆ ಕೆಲಸ.

"ಹುಟ್ಟಿದಂದಿನಿಂದ ಓಡಾಡಿದ ಊರಿಗೆ ನಕ್ಷೆ ಏಕೆ? ಅಷ್ಟಕ್ಕೂ ಕೈಯಲ್ಲಿ ಮೊಬೈಲು ಇದೆಯಲ್ಲ?" ಎಂದು ಸದಸ್ಯರು ಕೇಳುವುದು ಸಹಜ. ನಾವೂ ಹಾಗೆಯೇ ಎಣಿಸಿದ್ದೆವು. ನಮ್ಮ ಎಣಿಕೆ ತಪ್ಪೆಂದು ತೋರಿಸಿಕೊಟ್ಟದ್ದು ಒಂದು ರಾತ್ರಿಯ ಘಟನೆ.

ಕೆಲವು ವರ್ಷಗಳ ಹಿಂದೆ, ಆಶ್ಲೇಷಾ ಮಳೆಯ ದಿನಗಳು. ನಮ್ಮ ಹಿರಿಯ ಸದಸ್ಯರೊಬ್ಬರಿಗೆ ರಾತ್ರಿ ಊಟವಾದ ಮೇಲೆ ಎದೆನೋವು ಕಾಣಿಸಿಕೊಂಡಿತು. ಮೂರು ದಿನದಿಂದ ಕರೆಂಟು ಇರಲಿಲ್ಲ. ಊರಿನ ಮೊಬೈಲು ಟವರು ಆಗಲೇ ಮೂಕವಾಗಿತ್ತು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಗ ಅದೃಷ್ಟಕ್ಕೆ ಮನೆಯಲ್ಲಿದ್ದ. ತಂದೆಯನ್ನು ಜೀಪಿನ ಹಿಂದೆ ಮಲಗಿಸಿಕೊಂಡು ಹೊರಟರೆ, ಹಳ್ಳದ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಇನ್ನೊಂದು ದಾರಿ ಇಲ್ಲದೆ ಇರಲಿಲ್ಲ. ನೆರೆಯ ಎಸ್ಟೇಟಿನೊಳಗೆ ಹತ್ತಿ, ಗುಡ್ಡದ ನೆತ್ತಿ ಸುತ್ತಿ, ಆಚೆ ಬದಿಯ ಡಾಂಬರು ರಸ್ತೆಗೆ ಇಳಿಯುವ ದಾರಿ ಅದು. ಆದರೆ ಅದನ್ನು ಬಲ್ಲವರು ಜೀಪಿನಲ್ಲಿ ಒಬ್ಬರೇ ಇದ್ದರು; ಅವರು ಎದೆ ಹಿಡಿದುಕೊಂಡು ಹಿಂದೆ ಮಲಗಿದ್ದರು. ನೋವಿನ ನಡುವೆಯೇ "ಎಡಕ್ಕೆ ಹೊರಳು", "ಪಲ್ಪರ್ ಮನೆ ದಾಟಿ ಮೇಲಿನ ದಾರಿ ಹಿಡಿ" ಎಂದು ಅವರು ಹೇಳುತ್ತ ಬಂದರು. ಎರಡು ಬಾರಿ ದಾರಿ ತಪ್ಪಿತು. ಒಂದು ಕಡೆ ಗೇಟಿಗೆ ಬೀಗ. ರೈಟರನ್ನು ಎಬ್ಬಿಸಿ ತೆಗೆಸಬೇಕಾಯಿತು. ದೇವರ ದಯದಿಂದ ಅವರು ಬದುಕಿಕೊಂಡರು. ಆಮೇಲೆ ನಾವು ನೋಡಲು ಹೋದಾಗ ಅವರು ಹೇಳಿದ ಮಾತು ಇದು: "ದಾರಿ ನನ್ನ ತಲೆಯಲ್ಲಿತ್ತು. ಸ್ಟಿಯರಿಂಗ್ ಮಗನ ಕೈಯಲ್ಲಿತ್ತು. ನನಗೆ ಎಚ್ಚರ ತಪ್ಪಿದ್ದರೆ ಏನಾಗುತ್ತಿತ್ತು?"

ಈ ಪ್ರಶ್ನೆಯೇ ನಮ್ಮ ಲೇಖನದ ತಿರುಳು. ವಾಹನದಲ್ಲಿಡುವ ನಕ್ಷೆ ದಾರಿ ಬಲ್ಲವನಿಗಾಗಿ ಅಲ್ಲ. ದಾರಿ ಬಲ್ಲವನೇ ರೋಗಿಯಾಗಿ ಮಲಗಿದಾಗ ಚಕ್ರ ಹಿಡಿಯುವ ಮಗನಿಗೆ, ಸೊಸೆಗೆ, ನೆರೆಮನೆಯ ಹುಡುಗನಿಗೆ, ಹೊರ ಊರಿನಿಂದ ಬರುವ ಆಂಬ್ಯುಲೆನ್ಸ್ ಚಾಲಕನಿಗೆ. ಇಂದು ನಮ್ಮ ಅನೇಕ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡಿರು ಮಾತ್ರ ಉಳಿದಿದ್ದಾರೆ. ಮಕ್ಕಳು ಪಟ್ಟಣ ಸೇರಿದ್ದಾರೆ. ಗುಡ್ಡದ ಹಿಂದಿನ ದಾರಿಗಳ ತಿಳಿವಳಿಕೆ ಹಿರಿಯರೊಡನೆಯೇ ಕಳೆದುಹೋಗುತ್ತಿದೆ. ಅದನ್ನು ಕಾಗದಕ್ಕೆ ಇಳಿಸಿಡುವುದು ನಮ್ಮೆಲ್ಲರ ಹೊಣೆ.

ಮೊಬೈಲು ಇದ್ದೂ ಕಾಗದ ಏಕೆ?

ಮೊಬೈಲು ಬೇಡವೆಂದು ನಾವು ಹೇಳುತ್ತಿಲ್ಲ. ಅದು ಉಪಯುಕ್ತ ಸಾಧನ. ಆದರೆ ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದಿರಬೇಕು.

ಮೊಬೈಲು ತಾನಿರುವ ಸ್ಥಳವನ್ನು ಉಪಗ್ರಹಗಳ ಸಂಕೇತದಿಂದ ಕಂಡುಕೊಳ್ಳುತ್ತದೆ. ಇದಕ್ಕೆ ಊರಿನ ಟವರು ಅಗತ್ಯವಿಲ್ಲ. ಆದರೆ ಆ ಸ್ಥಳದ ಸುತ್ತಲಿನ ರಸ್ತೆಗಳ ಚಿತ್ರ ತೆರೆಯ ಮೇಲೆ ಬರಬೇಕಾದರೆ, ಅದನ್ನು ಮೊದಲೇ ಇಳಿಸಿಟ್ಟುಕೊಂಡಿರಬೇಕು. ಇಲ್ಲವಾದರೆ ಟವರಿನ ಮೂಲಕವೇ ಬರಬೇಕು. ಟವರು ನಡೆಯುವುದು ಕರೆಂಟಿನಿಂದ. ಕರೆಂಟು ಹೋದರೆ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಜನರೇಟರಿದ್ದರೆ ಡೀಸೆಲ್ ಮುಗಿಯುವ ತನಕ ನಡೆಯುತ್ತದೆ. ಮರ ಬಿದ್ದು ತಂತಿ ಹರಿದು ರಸ್ತೆಯೂ ಕಟ್ಟಿದ ದಿನ ಡೀಸೆಲ್ ತರುವವರು ಯಾರು? ಹೀಗೆ, ನಮಗೆ ಮೊಬೈಲು ಅತ್ಯಗತ್ಯವಾಗುವ ದಿನವೇ ಅದು ಸುಮ್ಮನಾಗುತ್ತದೆ. ದಟ್ಟ ಮರಗಳ ಕೆಳಗೆ, ಕಡಿದಾದ ಕಣಿವೆಯಲ್ಲಿ ಉಪಗ್ರಹದ ಸಂಕೇತವೂ ದುರ್ಬಲವಾಗುವುದುಂಟು.

ಇನ್ನೊಂದು ತೊಡಕೂ ಇದೆ. ಮೊಬೈಲು ಹತ್ತಿರದ ದಾರಿಯನ್ನು ತೋರಿಸುತ್ತದೆಯೇ ಹೊರತು ಆ ದಾರಿಯ ಗುಣವನ್ನು ಹೇಳುವುದಿಲ್ಲ. ತೋಟದೊಳಗಿನ ಟ್ರ್ಯಾಕ್ಟರ್ ದಾರಿ, ಬೀಗ ಹಾಕಿದ ಎಸ್ಟೇಟು ಗೇಟು, ರಾತ್ರಿ ಮುಚ್ಚುವ ಅರಣ್ಯ ಚೆಕ್‌ಪೋಸ್ಟು, ಆನೆ ದಾಟುವ ಜಾಗ ಇವು ಅದಕ್ಕೆ ಬಹುಮಟ್ಟಿಗೆ ತಿಳಿಯವು. ಬೇಸಿಗೆಯಲ್ಲಿ ಚೆನ್ನಾಗಿರುವ ಮಣ್ಣು ದಾರಿಯೊಂದು ಜುಲೈಯಲ್ಲಿ ಜೀಪನ್ನೂ ನುಂಗುತ್ತದೆ ಎಂಬುದು ಆ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಗೊತ್ತು. ಆದ್ದರಿಂದ ನಿಮ್ಮ ಜಿಲ್ಲೆಯ ನಕ್ಷೆಯನ್ನು ಮೊಬೈಲಿನಲ್ಲಿಯೂ ಇಳಿಸಿಟ್ಟುಕೊಳ್ಳಿ, ಕಾಗದವನ್ನೂ ಇಟ್ಟುಕೊಳ್ಳಿ. ಒಂದು ಇನ್ನೊಂದಕ್ಕೆ ಆಸರೆ.

ಕಳೆದ ಮಳೆಗಾಲಗಳು ಕಲಿಸಿದ್ದು

೨೦೧೮ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಹಲವೆಡೆ ಕುಸಿದು ಸಂಚಾರ ನಿಂತಿತು. ಅದೇ ತಿಂಗಳು ಶಿರಾಡಿ ಘಾಟಿಯಲ್ಲಿಯೂ ಗುಡ್ಡ ಕುಸಿದು ವಾಹನಗಳು ನಿಂತವು. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. ಅಲ್ಲಿ ಧರೆ ಕುಸಿದು ಘಾಟಿ ಮುಚ್ಚಿತು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಕರಾವಳಿಯ ಹೆದ್ದಾರಿ ೬೬ ಮುಚ್ಚಿತು. ಅದೇ ಜುಲೈಯಲ್ಲಿ ಶಿರಾಡಿ ರಸ್ತೆ ಮತ್ತೆ ಕುಸಿಯಿತು.

ಇವುಗಳಿಂದ ತಿಳಿಯಬೇಕಾದ ಪಾಠ ಎರಡು. ಮೊದಲನೆಯದು, ಒಂದೇ ಮೋಡ ಅಕ್ಕಪಕ್ಕದ ಘಾಟಿಗಳ ಮೇಲೆಲ್ಲ ಸುರಿಯುತ್ತದೆ. ಸಂಪಾಜೆ ಮುಚ್ಚಿದ ದಿನ ಶಿರಾಡಿ ತೆರೆದಿರುತ್ತದೆಂಬ ಭರವಸೆ ಇಲ್ಲ. ಆದ್ದರಿಂದ ಬದಲಿ ದಾರಿ ಎಂದರೆ ಪಕ್ಕದ ದಾರಿಯೆಂದಷ್ಟೇ ತಿಳಿಯಬಾರದು. ದೂರದ ಇನ್ನೊಂದು ದಾರಿಯನ್ನೂ ನಕ್ಷೆಯಲ್ಲಿ ಗುರುತಿಸಿರಬೇಕು.

ಎರಡನೆಯದು, ದಾರಿ ಬದಲಾದಂತೆ ಹೋಗುವ ಊರೂ ಬದಲಾಗಬಹುದು. ಹೆಚ್ಚಿನ ಚಿಕಿತ್ಸೆ ಎಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಘಾಟಿ ಇಳಿದು ಮಂಗಳೂರು ಮಣಿಪಾಲಗಳತ್ತ ಓಡುತ್ತದೆ. ಆದರೆ ಘಟ್ಟದ ಮೇಲೆಯೇ ಮಡಿಕೇರಿ, ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮೈಸೂರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಶಿರಸಿ ಯಲ್ಲಾಪುರದವರಿಗೆ ಹುಬ್ಬಳ್ಳಿ ಇದೆ. ಗಾಬರಿಯಲ್ಲಿ ಇದು ಹೊಳೆಯುವುದಿಲ್ಲ. ನಕ್ಷೆ ಬಿಚ್ಚಿ ಕುಳಿತರೆ ಕಣ್ಣಿಗೆ ಬೀಳುತ್ತದೆ: ಪಶ್ಚಿಮದ ಗೆರೆಗಳೆಲ್ಲ ಘಾಟಿ, ಪೂರ್ವದ ಗೆರೆಗಳು ಬಯಲು.

ಇಡಬೇಕಾದ ನಕ್ಷೆಗಳು ಮೂರು

೧. ಮನೆಯ ನಕ್ಷೆ. ಇದು ನಾವೇ ಬರೆದುಕೊಳ್ಳಬೇಕಾದದ್ದು. ಮೂರರಲ್ಲಿ ಮುಖ್ಯವಾದದ್ದೂ ಇದೇ. ಮನೆಯಿಂದ ಡಾಂಬರು ರಸ್ತೆಯವರೆಗಿನ ಎಲ್ಲ ದಾರಿಗಳು ಒಂದೇ ಹಾಳೆಯಲ್ಲಿರಬೇಕು. ಚಿತ್ರ ಅಂದವಾಗಿರಬೇಕಾಗಿಲ್ಲ, ಅಳತೆಗೆ ಸರಿಯಾಗಿರಬೇಕೆಂದೂ ಇಲ್ಲ. ಆದರೆ ಈ ಕೆಳಗಿನವು ತಪ್ಪದೆ ಇರಬೇಕು.

ಬಸ್ ನಿಲ್ದಾಣದಿಂದಲೋ ಹೆದ್ದಾರಿಯ ತಿರುವಿನಿಂದಲೋ ಬರೆಯಲು ಆರಂಭಿಸಿ. ಹೊರಗಿನವನು ಬರುವುದು ಅಲ್ಲಿಂದ. ಜೀಪಿನ ಮೀಟರು ನೋಡಿಕೊಂಡು ಒಂದು ತಿರುವಿನಿಂದ ಇನ್ನೊಂದಕ್ಕೆ ಎಷ್ಟು ಕಿಲೋಮೀಟರು ಎಂಬುದನ್ನು ಬರೆಯಿರಿ. ಗುರುತುಗಳಾಗಿ ದೇವಸ್ಥಾನ, ಶಾಲೆ, ಅರಳಿಕಟ್ಟೆ, ಟ್ರಾನ್ಸ್‌ಫಾರ್ಮರು, ಲೈನು ಮನೆ ಇಂಥ ಬಾಳಿಕೆಯವನ್ನು ಬಳಸಿ. ಸಿಲ್ವರ್ ಮರವನ್ನು ಗುರುತಾಗಿ ಕೊಟ್ಟರೆ ಬರುವ ವರ್ಷ ಅದು ಮಾರಾಟವಾಗಿರಬಹುದು. "ರಾಮಣ್ಣನ ಹಳೇ ಗದ್ದೆಯ ಹತ್ತಿರ" ಎಂಬುದು ನಮಗೆ ಅರ್ಥವಾದೀತು, ಚಾಲಕನಿಗೆ ಆಗದು.

ಪ್ರತಿ ಸೇತುವೆ, ಮೋರಿ, ಕಾಲುಸಂಕವನ್ನು ಗುರುತಿಸಿ. ಮೊದಲು ಮುಳುಗುವ ಸೇತುವೆ ಯಾವುದು, ಆಮೇಲೆ ಯಾವುದು ಎಂದು ಸಂಖ್ಯೆ ಹಾಕಿ. ಕಳಸ ಮತ್ತು ಹೊರನಾಡಿನ ನಡುವಣ ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಎಷ್ಟೋ ಮಳೆಗಾಲಗಳಲ್ಲಿ ಹರಿದಿದ್ದಾಳೆ. ಆ ಭಾಗದವರಿಗೆ ಇದನ್ನು ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಲೇಬೇಕು. ನಮ್ಮ ಪ್ರತಿಯೊಂದು ಊರಿನಲ್ಲಿಯೂ ಒಂದು ಸಣ್ಣ ಹೆಬ್ಬಾಳೆ ಇದ್ದೇ ಇರುತ್ತದೆ.

ಪ್ರತಿ ದಾರಿಯ ಪಕ್ಕದಲ್ಲಿ, ಮಳೆಗಾಲದಲ್ಲಿ ಅಲ್ಲಿ ಯಾವ ವಾಹನ ಹೋಗಬಲ್ಲದು ಎಂದು ಬರೆಯಿರಿ: ಆಂಬ್ಯುಲೆನ್ಸ್, ಜೀಪು, ಬೈಕು, ಇಲ್ಲವೇ ಕಾಲ್ನಡಿಗೆ. ವಾಹನ ಬರಲಾರದ ಮನೆಯಾದರೆ, ರೋಗಿಯನ್ನು ಕುರ್ಚಿಯಲ್ಲಿಯೋ ಕಂಬಳಿಯ ಜೋಲಿಯಲ್ಲಿಯೋ ಎಲ್ಲಿಯವರೆಗೆ ಹೊತ್ತು ತರಬೇಕು, ವಾಹನ ಎಲ್ಲಿ ಕಾಯಬೇಕು ಎಂಬ ಜಾಗವನ್ನು ಗುರುತಿಸಿ.

ಬೇರೆಯವರ ತೋಟದೊಳಗಿನ ದಾರಿಯಾದರೆ ಮುಂಚಿತವಾಗಿಯೇ ಮಾತಾಡಿ ಒಪ್ಪಿಗೆ ಪಡೆದಿರಬೇಕು. ಗೇಟಿನ ಕೀಲಿ ರಾತ್ರಿ ಯಾರ ಬಳಿ ಇರುತ್ತದೆ, ಅವರ ಮನೆ ಯಾವುದು ಎಂಬುದನ್ನು ನಕ್ಷೆಯ ಮೇಲೆಯೇ ಬರೆಯಿರಿ. ಅವರಿಗೂ ನಿಮ್ಮ ತೋಟದ ದಾರಿ ಬೇಕಾಗಬಹುದು. ಬೇಲಿಯ ವಿಷಯದಲ್ಲಿ ಎಷ್ಟೇ ತಕರಾರಿದ್ದರೂ ಕಷ್ಟಕಾಲದ ದಾರಿಗೆ ನಮ್ಮ ಕಡೆ ಯಾರೂ ಇಲ್ಲವೆಂದು ಹೇಳಿದ್ದನ್ನು ನಾವು ಕೇಳಿಲ್ಲ. ಆದರೆ ನಡುರಾತ್ರಿ ಕೇಳುವುದಕ್ಕಿಂತ ಮೇ ತಿಂಗಳ ಹಗಲಿನಲ್ಲಿ ಕೇಳುವುದು ಮೇಲು.

ಹಾಳೆಯ ಹಿಂಬದಿಯಲ್ಲಿ ದೂರವಾಣಿ ಸಂಖ್ಯೆಗಳನ್ನು ಬರೆಯಿರಿ. ಮೊಬೈಲು ಸತ್ತರೆ ಅದರೊಳಗಿನ ಸಂಖ್ಯೆಗಳೂ ಅದರೊಡನೆ ಹೋಗುತ್ತವೆ. ಮಗಳ ಸಂಖ್ಯೆಯನ್ನೂ ಬಾಯಿಪಾಠವಿಲ್ಲದವರು ನಮ್ಮಲ್ಲಿ ಬಹಳ. ಆಂಬ್ಯುಲೆನ್ಸಿಗೆ ೧೦೮, ಎಲ್ಲ ತುರ್ತಿಗೂ ೧೧೨, ಜಿಲ್ಲೆಯ ವಿಪತ್ತು ನಿಯಂತ್ರಣ ಕೊಠಡಿಗೆ ೧೦೭೭. ರೋಗಿಗಳಿರುವ ಮನೆಯಾದರೆ ಅವರು ದಿನವೂ ತೆಗೆದುಕೊಳ್ಳುವ ಔಷಧಗಳ ಹೆಸರನ್ನೂ ಇಲ್ಲಿಯೇ ಬರೆದಿಡಬಹುದು.

೨. ಸರ್ವೆ ನಕ್ಷೆ, ಅಂದರೆ ಟೋಪೋ ಶೀಟು. ೧೭೬೭ರಲ್ಲಿ ಆರಂಭವಾದ ಭಾರತೀಯ ಸರ್ವೇಕ್ಷಣ ಇಲಾಖೆ ಸಿದ್ಧಪಡಿಸುವ ನಕ್ಷೆಗಳಿವು. ೧:೫೦,೦೦೦ ಪ್ರಮಾಣದ ಹಾಳೆಗಳು ನಮಗೆ ಅನುಕೂಲ. ಒಂದು ಹಾಳೆ ಉದ್ದಗಲಕ್ಕೆ ಸುಮಾರು ೨೭ ಕಿಲೋಮೀಟರು ನೆಲವನ್ನು ತೋರಿಸುತ್ತದೆ. ಮನೆ ಹಾಳೆಯ ಅಂಚಿಗೆ ಬಂದರೆ ಪಕ್ಕದ ಹಾಳೆಯೂ ಬೇಕಾಗುತ್ತದೆ. ಹಳೆಯ ಕ್ರಮಾಂಕದಲ್ಲಿ ಮಡಿಕೇರಿ, ಸಕಲೇಶಪುರ, ಪುತ್ತೂರು, ಸುಳ್ಯಗಳು ೪೮ ಪಿ ಭಾಗಕ್ಕೆ ಸೇರುತ್ತವೆ; ಚಿಕ್ಕಮಗಳೂರು, ಶೃಂಗೇರಿ, ತೀರ್ಥಹಳ್ಳಿ ೪೮ ಒ ಭಾಗಕ್ಕೆ; ಸಾಗರ ೪೮ ಎನ್, ಶಿರಸಿ ೪೮ ಜೆ. ಇಂಥ ಪ್ರತಿ ಭಾಗದಲ್ಲಿ ೧೬ ಹಾಳೆಗಳಿವೆ. ಈಚಿನ ಸಾರ್ವಜನಿಕ ಸರಣಿಗೆ ಬೇರೆ ಕ್ರಮಾಂಕವಿದೆ. ಊರಿನ ಹೆಸರು ಹೇಳಿ ಸರಿಯಾದ ಹಾಳೆ ಯಾವುದೆಂದು ನೋಡಿಕೊಳ್ಳಬೇಕು.

೨೦೦೫ರ ನಕ್ಷಾ ನೀತಿಯ ನಂತರ ಈ ಸಾರ್ವಜನಿಕ ಸರಣಿಯ ಹಾಳೆಗಳು ಎಲ್ಲರಿಗೂ ಸಿಗುವಂತಾಗಿವೆ. ಇಲಾಖೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಮನೆಯ ಮಕ್ಕಳಿಗೆ ಹೇಳಿದರೆ ಅರ್ಧ ಗಂಟೆಯ ಕೆಲಸ. ಪಟ್ಟಣದ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಕಾಗದದ ಮೇಲೆ ಅಚ್ಚು ಹಾಕಿಸಿ. ಕಾಗದಕ್ಕೆ ಹೊಂದಿಸಲು ಚಿತ್ರವನ್ನು ಚಿಕ್ಕದು ಮಾಡಿದರೆ ೧:೫೦,೦೦೦ ಎಂಬ ಅಂಕಿ ಸುಳ್ಳಾಗುತ್ತದೆ. ಆದರೆ ನಕ್ಷೆಯ ಕೆಳಗೆ ಎಳೆದಿರುವ ಅಳತೆಯ ಪಟ್ಟಿ ಚಿತ್ರದೊಡನೆಯೇ ಕುಗ್ಗುವುದರಿಂದ ಅದು ನಿಜವಾಗಿಯೇ ಉಳಿಯುತ್ತದೆ. ಆದುದರಿಂದ ಆ ಪಟ್ಟಿ ಕತ್ತರಿಸಿಹೋಗದಂತೆ ನೋಡಿಕೊಳ್ಳಿ.

ಗ್ರಾಮ ನಕ್ಷೆ ಇದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಅದು ಸರ್ವೆ ನಂಬರುಗಳ ಗಡಿ ತೋರಿಸಲು ಮಾಡಿದ ನಕ್ಷೆ. ಅದರಲ್ಲಿರುವ ಬಂಡಿದಾರಿ ಇಂದು ಬೇಲಿಯೊಳಗೆ ಸೇರಿರಬಹುದು. ಏರು ಇಳಿಜಾರು ಅದರಿಂದ ತಿಳಿಯದು. ಹಳ್ಳ, ಹಳೆಯ ಕಾಲುದಾರಿಗಳನ್ನು ಹುಡುಕಲು ಸಹಾಯಕ. ಆದರೆ ರಾತ್ರಿ ಅದನ್ನೇ ನಂಬಿ ವಾಹನ ನಡೆಸಕೂಡದು.

೩. ರಸ್ತೆ ನಕ್ಷೆ. ರಾಜ್ಯದ ಅಥವಾ ಜಿಲ್ಲೆಯ ರಸ್ತೆ ನಕ್ಷೆ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಊರಿನಾಚೆಯ ನಿರ್ಧಾರಕ್ಕೆ ಇದು ಬೇಕು. ದಕ್ಷಿಣದಿಂದ ಉತ್ತರಕ್ಕೆ ಮಾಕುಟ್ಟ, ಕರಿಕೆ, ಸಂಪಾಜೆ, ಬಿಸಿಲೆ, ಶಿರಾಡಿ, ಚಾರ್ಮಾಡಿ, ಕುದುರೆಮುಖದಿಂದ ಮಾಳಕ್ಕೆ ಇಳಿಯುವ ದಾರಿ, ಆಗುಂಬೆ, ಹುಲಿಕಲ್, ನಾಗೋಡಿ, ಗೇರುಸೊಪ್ಪೆ, ದೇವಿಮನೆ, ಅರಬೈಲು ಹೀಗೆ ಘಟ್ಟ ಇಳಿಯುವ ರಸ್ತೆಗಳನ್ನೆಲ್ಲ ಒಮ್ಮೆ ಬೆರಳಿಟ್ಟು ನೋಡಿ. ನಿಮ್ಮ ಮನೆಗೆ ಹತ್ತಿರದ ಎರಡನ್ನೂ, ದೂರದ ಒಂದನ್ನೂ, ಘಾಟಿಯೇ ಇಲ್ಲದ ಪೂರ್ವದ ಒಂದನ್ನೂ ಬಣ್ಣದ ಪೆನ್ಸಿಲಿನಿಂದ ಗುರುತು ಮಾಡಿ.

ಹಳೆಯ ರಸ್ತೆ ನಕ್ಷೆ ಬಳಸುವವರು ಒಂದು ಎಚ್ಚರಿಕೆ ವಹಿಸಬೇಕು. ೨೦೧೦ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಗಳನ್ನು ಬದಲಿಸಿತು. ಶಿರಾಡಿಯ ಮೂಲಕ ಹೋಗುವ ಮಂಗಳೂರು ಬೆಂಗಳೂರು ರಸ್ತೆ ಮೊದಲು ೪೮ ಆಗಿತ್ತು, ಈಗ ೭೫. ಕರಾವಳಿಯ ೧೭ ಈಗ ೬೬. ಚಾರ್ಮಾಡಿಯ ೨೩೪ ಈಗ ೭೩. ಗೇರುಸೊಪ್ಪೆಯ ೨೦೬ ಈಗ ೬೯. ಮಡಿಕೇರಿ ಸಂಪಾಜೆ ರಸ್ತೆ ೨೭೫. ನಮ್ಮ ಹಿರಿಯರ ಬಾಯಲ್ಲಿ ಇನ್ನೂ "ನಲವತ್ತೆಂಟು" ಎಂದರೆ ಶಿರಾಡಿಯೇ. ಆದರೆ ಇಂದಿನ ಫಲಕಗಳಲ್ಲಿ ೪೮ ಎಂಬುದು ಬೆಂಗಳೂರಿನಿಂದ ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿಗಳ ಕಡೆಗೆ ಹೋಗುವ ಬೇರೆಯೇ ಹೆದ್ದಾರಿ. ಆದ್ದರಿಂದ ಹಳೆಯ ನಕ್ಷೆಯ ಮೇಲೆ ಹೊಸ ಸಂಖ್ಯೆಗಳನ್ನು ಬರೆದುಕೊಳ್ಳಿ. ಊರುಗಳ ಹೆಸರೂ ಹಾಗೆಯೇ. ಇಂಗ್ಲಿಷರ ಕಾಲದ ಹಾಳೆಗಳಲ್ಲಿ ಮಡಿಕೇರಿ "ಮರ್ಕೆರಾ" ಆಗಿರುತ್ತದೆ. ಇಂಗ್ಲಿಷ್ ಬಾರದವರು ಓದಬೇಕಾಗಬಹುದಾದ್ದರಿಂದ ಮುಖ್ಯ ಹೆಸರುಗಳನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆಯುವುದು ಒಳ್ಳೆಯದು.

ಓದುವ ಬಗೆ

ಟೋಪೋ ಶೀಟಿನಲ್ಲಿ ಮೇಲ್ಭಾಗ ಉತ್ತರ. ನೀಲಿ ನೀರು, ಹಸಿರು ಕಾಡು, ಹಳದಿ ಸಾಗುವಳಿ ಭೂಮಿ, ಕೆಂಪು ರಸ್ತೆ ಮತ್ತು ವಸತಿ, ಕಂದು ಬಣ್ಣದ ಗೆರೆಗಳು ಕಂಟೂರು. ಕಂಟೂರ್ ಗೆರೆ ಎಂದರೆ ಕಾಫಿ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಇಳಿಜಾರಿನಲ್ಲಿ ಮಟ್ಟ ಹಿಡಿದು ಸಾಲು ನೆಡುವ ಅದೇ ಗೆರೆ. ಈ ಹಾಳೆಗಳಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ ೨೦ ಮೀಟರು ಎತ್ತರದ ಅಂತರ. ಪ್ರತಿ ಐದನೆಯ ಗೆರೆ ದಪ್ಪ, ಅಂದರೆ ೧೦೦ ಮೀಟರಿಗೊಂದು. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಗುಡ್ಡ, ದೂರ ದೂರವಿದ್ದರೆ ಇಳುಕಲು ಕಡಿಮೆ. ಒತ್ತಿದ ಗೆರೆಗಳನ್ನು ನೇರವಾಗಿ ಕತ್ತರಿಸಿ ಹೋಗುವ ದಾರಿ ಕಂಡರೆ ಅದು ನಡೆಯುವವರ ದಾರಿಯೇ ಹೊರತು ಜೀಪಿನದಲ್ಲ. ಒತ್ತಿದ ಗೆರೆಗಳ ಬುಡದಲ್ಲಿ, ಹಳ್ಳದ ಬದಿಯಲ್ಲಿ ಸಾಗುವ ರಸ್ತೆ ಧರೆ ಕುಸಿಯುವ ಭಯವಿರುವ ರಸ್ತೆ. ಜೋರು ಮಳೆಯಲ್ಲಿ ಅದನ್ನು ಕೊನೆಯ ಆಯ್ಕೆಯಾಗಿಡಿ.

ದೂರ ಅಳೆಯಲು ಒಂದು ತುಂಡು ನೂಲು ಸಾಕು. ರಸ್ತೆಯ ತಿರುವುಗಳ ಮೇಲೆ ನೂಲನ್ನು ಹಾಯಿಸಿ, ಆಮೇಲೆ ಅಳತೆಯ ಪಟ್ಟಿಯ ಮೇಲೆ ನೇರ ಹಿಡಿಯಿರಿ. ಪೂರ್ಣ ಗಾತ್ರದ ಹಾಳೆಯಲ್ಲಿ ೨ ಸೆಂಟಿಮೀಟರಿಗೆ ಒಂದು ಕಿಲೋಮೀಟರು. ಮಳೆಯ ರಾತ್ರಿ ಘಾಟಿಯಲ್ಲಿ ಗಂಟೆಗೆ ೨೦ ಕಿಲೋಮೀಟರಿಗಿಂತ ಹೆಚ್ಚು ವೇಗ ನಿರೀಕ್ಷಿಸಬೇಡಿ. ಆ ಲೆಕ್ಕಕ್ಕೆ ೨೦ ಸೆಂಟಿಮೀಟರು ನೂಲು ಎಂದರೆ ಅರ್ಧ ಗಂಟೆ. ಹತ್ತಿರವೆಂದು ಕಾಣುವ ದಾರಿಗಿಂತ ಸುತ್ತಿನ ದಾರಿಯೇ ಬೇಗ ತಲುಪಿಸುವುದು ಎಷ್ಟೋ ಸಲ ಹೀಗೆ ಲೆಕ್ಕ ಹಾಕಿದಾಗಲೇ ತಿಳಿಯುತ್ತದೆ.

ದಾರಿಯಲ್ಲಿ ನಿಂತಾಗ ನಕ್ಷೆಯನ್ನು ತಿರುಗಿಸಿ, ಮುಂದಿನ ರಸ್ತೆ ನಕ್ಷೆಯಲ್ಲಿಯೂ ಮುಂದಕ್ಕೆ ಇರುವಂತೆ ಹಿಡಿಯಿರಿ. ಆಗ ಎಡ ಬಲ ತಪ್ಪುವುದಿಲ್ಲ. ದಿಕ್ಸೂಚಿ ಇದ್ದರೆ ಜೀಪಿನಿಂದ ಇಳಿದು ನಾಲ್ಕು ಹೆಜ್ಜೆ ದೂರ ಹೋಗಿ ನೋಡಿ. ಕಬ್ಬಿಣದ ಬಳಿ ಅದು ಸುಳ್ಳು ಹೇಳುತ್ತದೆ. ಮೊಬೈಲಿನಲ್ಲಿ ಜೀವವಿದ್ದರೆ, ಟವರು ಇಲ್ಲದಿದ್ದರೂ ಅದು ಅಕ್ಷಾಂಶ ರೇಖಾಂಶಗಳ ಅಂಕಿ ಕೊಡಬಲ್ಲದು. ಆ ಅಂಕಿಗಳನ್ನು ಟೋಪೋ ಶೀಟಿನ ಅಂಚಿನಲ್ಲಿ ಹುಡುಕಿ ಅಡ್ಡ, ಉದ್ದ ಗೆರೆ ಎಳೆದರೆ ನೀವು ನಿಂತ ಜಾಗ ಸಿಗುತ್ತದೆ. ಮನೆಯ ಅಕ್ಷಾಂಶ ರೇಖಾ೦ಶಗಳನ್ನು ಒಳ್ಳೆಯ ದಿನವೊಂದರಲ್ಲಿ ನೋಡಿ ಮನೆಯ ನಕ್ಷೆಯ ಮೇಲೆ ಬರೆದಿಟ್ಟರೆ ಸಹಾಯಕ್ಕೆ ಬರುವವರಿಗೆ ಓದಿ ಹೇಳಬಹುದು.

ಕಾಪಾಡುವ ಬಗೆ

ನಮ್ಮ ಹವೆಯಲ್ಲಿ ಕಾಗದಕ್ಕೆ ಶತ್ರುಗಳು ಮೂರು: ತೇವ, ಬೂಷ್ಟು, ಮಡಿಕೆ. ಗಾಜಿನ ಕೆಳಗೆ ಡ್ಯಾಷ್‌ಬೋರ್ಡಿನ ಮೇಲೆ ಇಟ್ಟರೆ ಬಿಸಿಲಿಗೆ ಬಣ್ಣ ಹೋಗುತ್ತದೆ. ಸೀಟಿನ ಹಿಂದಿನ ಚೀಲ ಒಳ್ಳೆಯ ಜಾಗ. ನೀರು ನುಗ್ಗದ ಪ್ಲಾಸ್ಟಿಕ್ ಲಕೋಟೆಯಲ್ಲಿಡಿ. ಶಾಯಿ ಸಿಂಪಡಿಸಿ ಅಚ್ಚು ಹಾಕುವ ಮನೆಯ ಪ್ರಿಂಟರಿನ ಚಿತ್ರ ಒಂದು ಹನಿ ನೀರಿಗೆ ಹರಡುತ್ತದೆ; ಜೆರಾಕ್ಸ್ ಹಾಗೂ ಲೇಸರ್ ಅಚ್ಚು ಹರಡುವುದಿಲ್ಲ. ಕೈಬರಹಕ್ಕೆ ಪೆನ್ಸಿಲೇ ಉತ್ತಮ. ಲ್ಯಾಮಿನೇಷನ್ ಮನೆಯ ನಕ್ಷೆಗೆ ಸರಿ. ದೊಡ್ಡ ಹಾಳೆಗೆ ಮಾಡಿಸಿದರೆ ಮಡಿಕೆಯಲ್ಲಿ ಒಡೆಯುತ್ತದೆ, ಮೇಲೆ ಬರೆಯಲೂ ಆಗದು. ದೊಡ್ಡ ಹಾಳೆಯನ್ನು ಬೀಸಣಿಗೆಯಂತೆ ಮಡಚಿ, ನಿಮ್ಮ ಊರಿನ ಭಾಗ ಮೇಲೆ ಬರುವಂತಿಡಿ. ಲಕೋಟೆಯಲ್ಲಿ ನಕ್ಷೆಗಳ ಜೊತೆಗೆ ಪೆನ್ಸಿಲು, ನೂಲು ಮತ್ತು ಚಿಕ್ಕ ಟಾರ್ಚು ಇರಲಿ.

ಮನೆಯ ನಕ್ಷೆಯ ಮೂರು ಪ್ರತಿ ಮಾಡಿ: ಒಂದು ವಾಹನಕ್ಕೆ, ಒಂದು ಮನೆಯ ಬಾಗಿಲ ಬಳಿಗೆ, ಒಂದು ನೆರೆಮನೆಗೆ. ದೂರದ ಊರಿನಲ್ಲಿರುವ ಮಕ್ಕಳಿಗೂ ಒಂದು ಪ್ರತಿ ಕಳುಹಿಸಿ. ವರ್ಷಕ್ಕೊಮ್ಮೆ, ಮೊದಲ ಬೋರ್ಡೋ ಸಿಂಪರಣೆಗೆ ಮೈಲುತುತ್ತ ತಂದ ದಿನ, ನಕ್ಷೆ ಹೊರತೆಗೆದು ಕಳೆದ ಮಳೆಯಲ್ಲಿ ಬದಲಾದದ್ದನ್ನು ತಿದ್ದಿ, ತಾರೀಕು ಹಾಕಿ. ಮಳೆ ಮುಗಿದು ಕಣದಲ್ಲಿ ಕಾಫಿ ಹರಡುವ ಕಾಲಕ್ಕೆ ಅದನ್ನೂ ಒಮ್ಮೆ ಬಿಸಿಲಿಗೆ ಹಾಕಿ.

ಬರೆದಿಟ್ಟರೆ ಸಾಲದು, ಪರೀಕ್ಷಿಸಬೇಕು. ದಾರಿ ತಿಳಿಯದ ನೆಂಟರೊಬ್ಬರು ಬಂದಾಗ ಅವರ ಕೈಗೆ ನಕ್ಷೆ ಕೊಟ್ಟು, ನೀವು ಪಕ್ಕದಲ್ಲಿ ಬಾಯಿ ಮುಚ್ಚಿ ಕುಳಿತು, ಹಿಂದಿನ ದಾರಿಯಲ್ಲಿ ಡಾಂಬರು ರಸ್ತೆ ತಲುಪಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ನಕ್ಷೆಗೆ ತಿದ್ದುಪಡಿ ಬೇಕೆಂದು ಅರ್ಥ.

ನಕ್ಷೆ ಹೇಳಲಾರದ್ದು

ನಕ್ಷೆಯ ಮಿತಿಯನ್ನೂ ಹೇಳದಿದ್ದರೆ ನಮ್ಮ ಕರ್ತವ್ಯ ಪೂರ್ತಿಯಾಗದು. ನಿನ್ನೆ ರಾತ್ರಿ ಜರಿದ ಗುಡ್ಡ ಅದರಲ್ಲಿಲ್ಲ. ಘಾಟಿಗಳಲ್ಲಿ ಜಿಲ್ಲಾಧಿಕಾರಿಗಳು ಹೊರಡಿಸುವ ಸಂಚಾರ ನಿಷೇಧ ಅದರಲ್ಲಿಲ್ಲ. ಎದುರಿನಿಂದ ಬರುವ ವಾಹನದವರನ್ನು ಕೇಳಿ, ರಸ್ತೆ ಬದಿಯ ಮನೆಯವರನ್ನು ಕೇಳಿ. ಮುಖ್ಯವಾಗಿ, ನಕ್ಷೆ ದಾರಿ ತೋರಿಸಿತೆಂದು ಹರಿಯುವ ನೀರಿಗೆ ವಾಹನ ಇಳಿಸಕೂಡದು. ಒಂದು ಅಡಿ ಹರಿಯುವ ನೀರು ಚಿಕ್ಕ ಕಾರನ್ನು ತೇಲಿಸಬಲ್ಲದು. ಎರಡು ಅಡಿಯ ಸೆಳೆತಕ್ಕೆ ಜೀಪೂ ನಿಲ್ಲಲಾರದು. ಅಂಥ ಹೊತ್ತಿನಲ್ಲಿ ತಿರುಗಿ ಹೋಗಲು ಇನ್ನೊಂದು ದಾರಿ ಇದೆಯೆಂಬ ಧೈರ್ಯ ಕೊಡುವುದೇ ನಕ್ಷೆಯ ದೊಡ್ಡ ಉಪಕಾರ. ಬೇರೆ ದಾರಿ ತಿಳಿಯದವನೇ ನೀರಿಗೆ ಇಳಿಯುವ ಸಾಹಸ ಮಾಡುತ್ತಾನೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ರೋಹಿಣಿ ಮಳೆ ಕಾಲಿಡುವುದಕ್ಕೆ ಮುಂಚೆ ಒಂದು ಮಧ್ಯಾಹ್ನ ಮನೆಯ ಹಿರಿಯರನ್ನೂ ಕಿರಿಯರನ್ನೂ ಜಗಲಿಯಲ್ಲಿ ಕೂರಿಸಿಕೊಳ್ಳಿ. ಹಿರಿಯರು ಹೇಳಲಿ, ಕಿರಿಯರು ಬರೆಯಲಿ. ಒಂದೇ ಗುಡ್ಡದ ಸದಸ್ಯರು ಕಲೆತು ಬರೆದರೆ ಇನ್ನೂ ಮೇಲು. ಒಬ್ಬರಿಗೆ ತಿಳಿಯದ ದಾರಿ ಇನ್ನೊಬ್ಬರಿಗೆ ತಿಳಿದಿರುತ್ತದೆ, ಗೇಟಿನ ಕೀಲಿಯ ಮಾತೂ ಅಲ್ಲಿಯೇ ಮುಗಿಯುತ್ತದೆ.

ಮೊದಲು ಹೇಳಿದ ಹಿರಿಯ ಸದಸ್ಯರ ಜೀಪಿನಲ್ಲಿ ಈಗ ಗೊಬ್ಬರದ ಚೀಲದ ಒಳಪದರದಲ್ಲಿ ಸುತ್ತಿದ ಒಂದು ನಕ್ಷೆ ಇದೆ. ಬರೆದವನು ಮಗ, ಹೇಳಿ ಬರೆಸಿದವರು ಅವರು. ಇಲ್ಲಿಯವರೆಗೆ ಅದರ ಅಗತ್ಯ ಬಿದ್ದಿಲ್ಲ. ಬೀಳದಿರಲಿ ಎಂದೇ ನಮ್ಮ ಹಾರೈಕೆ.